ಅಕ್ಕ ತೋರಿಸಿದ ಕಡಲ ಹೂವು

ಇವತ್ತು ಮಗಳು ಮೊಬೈಲಿನಲ್ಲಿ ಬಿಳಿ ಪಟ್ಟೆಯ ಕಿತ್ತಳೆ ಮೀನು ತೋರಿಸಿದಳು. ಅಕ್ಕನ ಶಾಲೆಯ ಪುಸ್ತಕದಲ್ಲಿ ಅದೇ ಚಿತ್ರವಿತ್ತು. ಹೂವಿನಂಥ ಕಡಲಜೀವಿಯೊಂದರ ವಿಷದ ಎಳೆಗಳ ನಡುವೆ ಆ ಮೀನಿನ ಮನೆ. ಹೂವು ಮೀನನ್ನು ಕಾಯುತ್ತದೆ, ಮೀನು ಹೂವನ್ನು.

"ನಾವಿಬ್ರೂ ಅಂಗೇ ಕಣೇ," ಎನ್ನುತ್ತಿದ್ದಳು ಅಕ್ಕ.

ಅಪ್ಪ ತಂಬಾಕು ನಾರುವ ಕೈ ಎತ್ತಿದಾಗಲೆಲ್ಲ ಅವಳು ನನಗೆ ಅಡ್ಡ ನಿಲ್ಲುತ್ತಿದ್ದಳು. ಅವಳು ಮೆಚ್ಚಿದ ಹುಡುಗನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ, "ಸೀಬೆಹಣ್ಣು ತಕೊಂಬಾ, ಇಲ್ಲೇ ಇರ್ತೀನಿ," ಎಂದಳು. ನಾನು ಬರುವಷ್ಟರಲ್ಲಿ ಅವಳೂ ಆ ಹುಡುಗನೂ ಮಡಿಕೇರಿ ಬಸ್ಸು ಹತ್ತಿ ಹೋಗಿದ್ದರು. ಗೊತ್ತಿದ್ದೂ ಬಾಯಿ ಬಿಡಲಿಲ್ಲವೆಂದು ಅಪ್ಪ ನನ್ನನ್ನು ಹೊಡೆದರು.

ಈಗ ಅಕ್ಕ ಆಗಾಗ ಫೋನ್ ಮಾಡುತ್ತಾಳೆ. ಅವಳು ಹೋದದ್ದಕ್ಕೆ ನನಗೆ ಬೇಸರವಿಲ್ಲ. ನನ್ನನ್ನೂ ನಂಬದೆ ಹೋದಳಲ್ಲ.