ಒದ್ದೆ ನೆಲ

ಮೊದಲು ನಾನು ನಕ್ಕೆ.

ಯಜಮಾನರು ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಮುದ್ದೆ ಮುರಿದು ಹುರುಳಿ ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡರು. ಸಾರು ಬಲಗಡೆಯ ಕಟಬಾಯಿಯಿಂದ ಇಳಿದು ಎದೆಯ ಮೇಲೆ ಬಿತ್ತು. ನಲವತ್ತೆಂಟು ವರ್ಷದ ಗಂಡಸು, ಊರಲ್ಲಿ ನಾಲ್ಕು ಜನಕ್ಕೆ ನ್ಯಾಯ ಹೇಳುವವರು. "ಏನ್ರೀ ಇದು, ಹಲ್ಲು ಬರದ ಕೂಸಿನ ಥರ" ಅಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ. ಅವರು ಎರಡನೆಯ ತುತ್ತಿಗೆ ಕೈ ಹಾಕಿದರು. ಬೆರಳು ಮುದ್ದೆಯೊಳಕ್ಕೆ ಹೋಯಿತು, ಎತ್ತಲಿಕ್ಕೆ ಆಗಲಿಲ್ಲ. ಏನೋ ಹೇಳಲು ನನ್ನ ಕಡೆ ನೋಡಿದರು. ಮುಖದ ಬಲಭಾಗ ಜೋತುಬಿದ್ದಿತ್ತು.

ಹಾಗೇ ಪಕ್ಕಕ್ಕೆ ವಾಲಿದರು.

ಇದಾಗಿ ಒಂದು ವರ್ಷದ ಮೇಲಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಿ ಬಿಟ್ಟು ಹೇಳಿಕೊಳ್ಳುವಂಥದ್ದಲ್ಲ ಇದು. ನಮ್ಮೂರ ಹೆಂಗಸರು ಈಗಲೂ ಬಾವಿಕಟ್ಟೆಯಲ್ಲಿ ಸಿಕ್ಕಾಗ, ಗಂಡನನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆಯಮ್ಮ, ಮಹಾತಾಯಿ ನೀನು ಅನ್ನುತ್ತಾರೆ. ಹಾಗೆ ಅಂದಾಗಲೆಲ್ಲ ನನಗೆ ಕೊಡ ಅಲ್ಲೇ ಬಿಟ್ಟು ಓಡಿಬಿಡಬೇಕು ಅನ್ನಿಸುತ್ತದೆ.

ನಮ್ಮದು ಮಂಚೇನಹಳ್ಳಿ ಹತ್ತಿರದ ಹಳ್ಳಿ. ಗಾಳಿ ಸೋಕಿದೆ ಅಂದರು ಜನ. ಗಾಳಿ ಸೋಕಿದವರಿಗೆ ಗಾಳಿ ಆಗಬಾರದು ಅಂತ ಕಿಟಕಿಗೆ ಗೋಣಿ ಕಟ್ಟಿ, ಕತ್ತಲ ಕೋಣೆಯಲ್ಲಿ ಕಂಬಳಿ ಹೊದಿಸಿ ಮಲಗಿಸಿದೆವು. ಯಾರೋ ಪಾರಿವಾಳದ ರಕ್ತ ಹಚ್ಚಿ ಅಂದರು, ಅದೂ ಆಯಿತು. ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ನಮ್ಮಣ್ಣ ಬಂದು, ಎಲ್ಲರಿಗೂ ಬೈದು, ಗಾಡಿ ಕಟ್ಟಿಸಿ ಮಂಚೇನಹಳ್ಳಿಗೆ ತಂದು, ಅಲ್ಲಿಂದ ಬಸ್ಸಿನಲ್ಲಿ ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಬ್ಲಡ್ ಪ್ರೆಷರ್ ಏರಿ ಸ್ಟ್ರೋಕ್ ಆಗಿದೆ, ಜೀವಕ್ಕೆ ಅಪಾಯ ಇಲ್ಲ ಅಂದರು. ಮೂರು ವಾರ ವಾರ್ಡಿನಲ್ಲಿದ್ದೆವು. ಕಾಲಿಗೆ ಸ್ವಲ್ಪ ಜೀವ ಬಂತು. ಬಲಗೈ ಹಾಗೇ ಇತ್ತು. ಮಾತೂ ಬರಲಿಲ್ಲ. ಬಂದದ್ದು ಒಂದೇ ಮಾತು, "ಅದೇ." ನೀರು ಬೇಕಾದರೂ ಅದೇ. ಹೊಟ್ಟೆ ತುಂಬಿದರೂ ಅದೇ. ನಾನು ಅಳುತ್ತಾ ಕೂತರೆ ಎಡಗೈಯಲ್ಲಿ ನನ್ನ ಮಂಡಿ ತಟ್ಟಿ, ಅದೇ, ಅದೇ ಅನ್ನುವರು.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಕರೆದು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ನೋಡಮ್ಮ, ಇವರ ಬುದ್ಧಿ ನೆಟ್ಟಗಿದೆ. ನೀವು ಆಡೋದೆಲ್ಲಾ ಅವರಿಗೆ ತಿಳಿಯುತ್ತೆ. ಮಾತು ಹೊರಗೆ ಬರ್ತಾ ಇಲ್ಲ, ಅಷ್ಟೇ. ಎಕ್ಸರ್‌ಸೈಜು ದಿನಕ್ಕೆ ನಾಲ್ಕು ಸಲ. ಅವರ ಕೆಲಸ ನೀವು ಮಾಡಬೇಡಿ, ಅವರ ಕೈಯಲ್ಲೇ ಮಾಡಿಸಿ."

ಹೂಂ ಅಂದೆ. ತಲೆಯಾಡಿಸುವುದಕ್ಕೇನು, ಗಂಗೆತ್ತೂ ಆಡಿಸುತ್ತದೆ.

ನರ್ಸಮ್ಮ ತೋರಿಸಿಕೊಟ್ಟ ಎಕ್ಸರ್‌ಸೈಜು ಮನೆಗೆ ಬಂದ ಮೇಲೆ ನಾಲ್ಕು ದಿನ ನಡೆಯಿತು. ಕೈ ಎತ್ತಿದರೆ ಅವರು ನೋವಿಗೆ ಹಲ್ಲು ಕಚ್ಚುತ್ತಿದ್ದರು. ನನಗೆ ನೋಡಲಾಗಲಿಲ್ಲ. ಎಣ್ಣೆ ನೀವಿ ಸುಮ್ಮನಾದೆ. ಊಟಕ್ಕೆ ಕೂತರೆ ಎಡಗೈ ತಟ್ಟೆಗೆ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಉಣ್ಣುವುದುಂಟೇ, ಬಂದವರು ನೋಡಿದರೆ ಏನಂದಾರು? ಆ ಕೈ ಹಿಡಿದು ಪಕ್ಕಕ್ಕಿಟ್ಟು ನಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಇದನ್ನು ನೋಡಿಯೇ ಊರವರು ಮಹಾತಾಯಿ ಅಂದಿದ್ದು. ಮನುಷ್ಯನಿಗೆ ಉಳಿದಿದ್ದು ಒಂದು ಕೈ, ಅದನ್ನೂ ನಾನು ಕಟ್ಟಿಹಾಕಿದ್ದೆ.

ಇಷ್ಟರಲ್ಲಿ ನಮ್ಮ ಒಬ್ಬಳೇ ಮಗಳು ರತ್ನಳ ಮದುವೆ ಹತ್ತಿರ ಬಂತು. ಇವರು ಬೀಳುವುದಕ್ಕೆ ಮುಂಚೆಯೇ ಚಿಂತಾಮಣಿ ಕಡೆಯ ಸಂಬಂಧ ಕುದುರಿ, ವೀಳ್ಯಶಾಸ್ತ್ರ ಮುಗಿದಿತ್ತು. ಬೀಗರಿಗೆ ನಾನು, ಇವರಿಗೆ ಜ್ವರ ಅಂತ ಹೇಳಿಕಳಿಸಿದ್ದೆ. ಸುಳ್ಳು. ಲಕ್ವ ಹೊಡೆದವರ ಮನೆಯ ಹೆಣ್ಣು ಬೇಡ ಅಂದುಬಿಟ್ಟರೆ ಅನ್ನುವ ಹೆದರಿಕೆ.

ಮದುವೆಗೆ ಆರು ವಾರ ಇತ್ತು. ಅಣ್ಣ ಬಂದ. ಜಗಲಿಯಲ್ಲಿ ಕೂತು, ಧಾರೆ ಯಾರು ಎರೆಯುವುದು ಅಂತ ಕೇಳಿದ. ಹೆಣ್ಣಿನ ಅಪ್ಪ ಅಮ್ಮ ನಿಂತು, ಹುಡುಗ ಹುಡುಗಿಯ ಕೂಡಿದ ಕೈಯ ಮೇಲೆ ತೆಂಗಿನಕಾಯಿ ಇಟ್ಟು ನೀರು ಬಿಟ್ಟರೆ ತಾನೇ ಮದುವೆ. ಎಡಗೈಯಲ್ಲಿ ಬಿಡುವ ಹಾಗಿಲ್ಲ. ಬಲಗೈ ಇವರಿಗಿಲ್ಲ.

"ನಾನು, ನಿಮ್ಮತ್ತಿಗೆ ಎರೀತೀವಿ ಬಿಡು. ಬಾವನ್ನ ಆವತ್ತು ಒಳಗೇ ಮಲಗಿಸಿದ್ರಾಯ್ತು" ಅಂದ ಅಣ್ಣ.

ನಾನು ಎಷ್ಟು ಬೇಗ ಒಪ್ಪಿದೆ ಅಂತ ನೆನೆದರೆ ಮೈ ಮುದುಡುತ್ತದೆ. "ಹಂಗೇ ಮಾಡಣ ಅಣ್ಣ. ಅವರಿಗೇನು ತಿಳಿಯುತ್ತೆ ಪಾಪ" ಅಂದೆ. ಜಗಲಿಗೂ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ಗೋಡೆ, ಅದರಲ್ಲಿ ಒಂದು ಕಿಟಕಿ. ಗೋಣಿ ನಾನೇ ಬಿಚ್ಚಿ ತೆಗೆದಿದ್ದೆ.

ಅದರ ಮಾರನೆಯ ದಿನದಿಂದ ನೆಲ ಒದ್ದೆಯಾಗತೊಡಗಿತು.

ಮಧ್ಯಾಹ್ನ ಹೊಲದಲ್ಲಿ ಆಳುಗಳಿಗೆ ಬುತ್ತಿ ಕೊಟ್ಟು ಬರುತ್ತಿದ್ದೆ. ರತ್ನ ಆ ಹೊತ್ತಿಗೆ ಪಕ್ಕದ ಮನೆಯಲ್ಲಿ ರವಿಕೆ ಹೊಲಿಸಲು ಹೋಗಿರುತ್ತಿದ್ದಳು. ಬಂದು ನೋಡಿದರೆ ಇವರು ಮಂಚದ ಅಂಚಿಗೆ ಕೂತಿರುತ್ತಿದ್ದರು. ಪಂಚೆ ಮುಂದುಗಡೆ ಒದ್ದೆ, ಕಾಲ ಕೆಳಗೆ ನೆಲವೆಲ್ಲ ಒದ್ದೆ. ಮೊದಲ ದಿನ ಸುಮ್ಮನೆ ಒರೆಸಿದೆ. ಎರಡನೆಯ ದಿನವೂ ಒರೆಸಿದೆ. ಆಸ್ಪತ್ರೆಯಲ್ಲೇ ಕಷ್ಟಪಟ್ಟು ಹತೋಟಿಗೆ ಬಂದಿತ್ತು, ಈಗ ಮತ್ತೆ ಕೈಬಿಟ್ಟಿತಲ್ಲ ಅಂತ ಹೊಟ್ಟೆಯುರಿ. ನಾಲ್ಕನೆಯ ದಿನ ಬಿಸಿಲಲ್ಲಿ ನಡೆದು ಬಂದಿದ್ದೆ, ತಲೆ ಸಿಡಿಯುತ್ತಿತ್ತು. ಬಾಗಿಲಲ್ಲೇ ನಿಂತು ಅಂದುಬಿಟ್ಟೆ:

"ಕೂಸಿಗಿಂತ ಕಡೆಯಾದ್ರಲ್ಲ ನೀವು. ಮಗಳ ಮದುವೆ ದಿನಾನೂ ಹಿಂಗೇ ಉಚ್ಚೆ ಹುಯ್ಕೊಂಡು ನನ್ನ ಮಾನ ಕಳೀತೀರಾ?"

ಅದೇ ಅಂದರು. ತಲೆಯಾಡಿಸಿದರು. ಎಡಗೈ ಎತ್ತಿ ಚೊಂಬಿನ ಕಡೆ ತೋರಿಸಿ, ಅದೇ, ಅದೇ ಅಂದರು. ಕಣ್ಣು ತುಂಬಿತ್ತು. ನನಗೆ ಕಂಡದ್ದು ಚೊಂಬು ಮಾತ್ರ. ಇಷ್ಟೆಲ್ಲ ಆದ ಮೇಲೆ ಇನ್ನೂ ನೀರು ಬೇರೆ ಕೇಡು ಅಂದು, ಮಂಚದ ಪಕ್ಕ ಇಡುತ್ತಿದ್ದ ಚೊಂಬನ್ನೇ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟೆ. ಮಧ್ಯಾಹ್ನ ಇವರಿಗೆ ನೀರಿಲ್ಲ ಅಂತ ತೀರ್ಮಾನ ಮಾಡಿದೆ. ಹಳೆಯ ಸೀರೆ ಹರಿದು ಕೂಸಿಗೆ ಕಟ್ಟುವ ಹಾಗೆ ಸೊಂಟಕ್ಕೆ ಬಟ್ಟೆ ಕಟ್ಟಿದೆ. ಕಟ್ಟಿಸಿಕೊಳ್ಳುವಾಗ ಅವರು ಗೋಡೆ ನೋಡುತ್ತಿದ್ದರು.

ವಾಸನೆ ಇರಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಇರಲಿಲ್ಲ. ನನ್ನ ಮೂಗು ಚೆನ್ನಾಗಿಯೇ ಇತ್ತು, ಬುದ್ಧಿಗೆ ಮಂಕು ಬಡಿದಿತ್ತು.

ಎರಡು ದಿನ ನೆಲ ಒಣಗಿತ್ತು. ಗೆದ್ದೆ ಅಂದುಕೊಂಡೆ. ಮೂರನೆಯ ದಿನ ಬುತ್ತಿ ಹೊತ್ತು ಅರ್ಧ ದಾರಿ ಹೋದವಳಿಗೆ ಮಜ್ಜಿಗೆ ಮರೆತದ್ದು ನೆನಪಾಯಿತು. ವಾಪಸು ಬಂದೆ. ಮಂಚ ಖಾಲಿ.

ಗೋಡೆ ಹಿಡಿದು, ಕಾಲು ಎಳೆದುಕೊಂಡು, ಅವರು ಅಡುಗೆಮನೆಗೆ ಬಂದಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಒಬ್ಬರೇ ಅಷ್ಟು ದೂರ ನಡೆದಿದ್ದು ಅದೇ ಮೊದಲು, ನಾನು ಚೊಂಬು ಕಿತ್ತಿಟ್ಟಿದ್ದರಿಂದ. ಕಾಲು ಚಾಚಿ ನೆಲದ ಮೇಲೆ ಕೂತಿದ್ದರು. ಮುಂದೆ ಒಂದು ತಟ್ಟೆ ಬೋರಲು ಹಾಕಿ, ಅದರ ಮೇಲೆ ದೇವರ ಗೂಡಿನ ತೆಂಗಿನಕಾಯಿ ಇಟ್ಟಿದ್ದರು. ಬಲಗೈಯ ಬೆರಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿ ಚೊಂಬಿನ ಕತ್ತಿಗೆ ಸುತ್ತಿದರು. ಆಮೇಲೆ ಎಡಗೈ ಅಡಿಗೆ ಕೊಟ್ಟು ಎತ್ತಿದರು. ಚೊಂಬು ನಡುಗಿತು. ನೀರು ತಮ್ಮ ತೊಡೆಯ ಮೇಲೆ ಬಿತ್ತು. ಮತ್ತೆ ಎತ್ತಿದರು. ಈ ಸಲ ನಾಲ್ಕು ಹನಿ ಕಾಯಿಯ ಮೇಲೆ ಬಿದ್ದವು.

ಧಾರೆ.

ನನ್ನ ಕೈಯಿಂದ ಬುತ್ತಿ ಜಾರಿತು. ಸದ್ದಿಗೆ ತಿರುಗಿ ನೋಡಿದರು. ಯಜಮಾನರು, ಈ ಮನೆ ಕಟ್ಟಿಸಿದವರು, ನನ್ನ ಮುಖ ಕಂಡು ಹೆದರಿ, ಚೊಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಎಷ್ಟೋ ಜನ ಕೇಳುತ್ತಾರೆ, ಈ ಕಾಯಿಲೆಯಲ್ಲಿ ಯಾವುದು ಹೆಚ್ಚು ಕಷ್ಟವಾಯಿತು ಅಂತ. ಎತ್ತಿ ಮಲಗಿಸುವುದು, ಹೇಲು ಉಚ್ಚೆ ಬಾಚುವುದು, ನಿದ್ದೆಗೆಡುವುದು, ಅವೆಲ್ಲ ಮೈ ಮಾಡುವ ಕೆಲಸ, ಮೈ ಮರೆಯುತ್ತದೆ. ಆ ಬಚ್ಚಿಟ್ಟ ಕೈ ನಾನು ಸಾಯುವವರೆಗೂ ಮರೆಯಲಾರೆ. ಡಾಕ್ಟರು ಬಾಯಿ ಬಿಟ್ಟು ಹೇಳಿದ್ದರಲ್ಲ, ಎಲ್ಲಾ ತಿಳಿಯುತ್ತೆ ಅಂತ. ಮಾತು ಹೋದದ್ದು ಅವರಿಗೆ, ಕಿವಿ ಹೋದದ್ದು ನನಗೆ.

ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಬೈಯುವುದಕ್ಕೆ ಅಷ್ಟು ಚುರುಕಾಗಿ ಓಡುವ ನಾಲಿಗೆ ಆವತ್ತು ಅಂಗುಳಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಕೂತೆ. ಸೊಂಟದ ಬಟ್ಟೆ ಬಿಚ್ಚಿ ಒಲೆಗೆ ಹಾಕಿದೆ. ಹಂಡೆಯಿಂದ ನೀರು ತುಂಬಿ ಚೊಂಬು ಮತ್ತೆ ಅವರ ಮುಂದಿಟ್ಟೆ.

ಮಾರನೆಯ ದಿನ ಸೇದೋ ಬಾವಿಯ ಹಳೆಯ ರಾಟೆಯನ್ನು ಜಂತೆಗೆ ಕಟ್ಟಿಸಿದೆ. ಹಗ್ಗದ ಒಂದು ತುದಿ ಬಲಗೈಗೆ, ಇನ್ನೊಂದು ತುದಿ ಎಡಗೈಯಲ್ಲಿ. ಎಡಗೈ ಎಳೆದರೆ ಬಲಗೈ ಮೇಲೇಳುತ್ತದೆ. ದಿನಕ್ಕೆ ನಾಲ್ಕು ಸಲ. ನೋವಿಗೆ ಅವರು ಹಲ್ಲು ಕಚ್ಚಿದರೆ ನಾನೂ ಕಚ್ಚುತ್ತಿದ್ದೆ. ಆಮೇಲೆ ಚೊಂಬು, ಕಾಯಿ. ಎಡಗೈಯಲ್ಲಿ ಉಣ್ಣಲಿ ಅಂತ ಬಿಟ್ಟೆ. ಮೊದಮೊದಲು ಬಾಗಿಲು ಹಾಕಿ ಬಡಿಸುತ್ತಿದ್ದೆ ಅನ್ನುವುದನ್ನೂ ಬರೆದೇಬಿಡುತ್ತೇನೆ, ನಾಚಿಕೆ ಒಂದೇ ದಿನಕ್ಕೆ ಬಿಡುವ ಜಾತಿಯಲ್ಲ.

ಅಣ್ಣನಿಗೆ ಹೇಳಿದೆ, ಧಾರೆ ಅವರೇ ಎರೆಯುತ್ತಾರೆ ಅಂತ. ಅವನಿಗೆ ಸಿಟ್ಟು ಬಂತು. ತುಂಬಿದ ಚಪ್ಪರದಲ್ಲಿ ಚೊಂಬು ಬಿದ್ದರೆ ಅಪಶಕುನ ಅಂತಾರೆ ಕಣಮ್ಮ, ಹುಡುಗಿ ಬಾಳು ಅಂದ. ಅದೂ ನಿಜವೇ. ಅಡುಗೆಮನೆಯಲ್ಲಿ ಹತ್ತು ಸಲ ಎತ್ತಿದರೆ ಮೂರು ಸಲ ಈಗಲೂ ತಪ್ಪುತ್ತಿತ್ತು.

ಬೀಗರಿಗೆ ನಿಜ ಹೇಳಿಕಳಿಸಿದೆ. ಮೂರನೆಯ ದಿನಕ್ಕೆ ಹುಡುಗನ ಅಪ್ಪ ಬಂದೇಬಿಟ್ಟರು. ಮನೆಯಲ್ಲಿ ತೆಲುಗು ಆಡುವ ಜನ, ನಮ್ಮೊಂದಿಗೆ ಕನ್ನಡ. ಇವರ ಮುಂದೆ ಬಹಳ ಹೊತ್ತು ಕೂತರು, ಇವರ ಕೈ ಹಿಡಿದುಕೊಂಡೇ ಇದ್ದರು. ಹೊರಡುವಾಗ ನನ್ನ ಕಡೆ ತಿರುಗಿ, "ಜ್ವರ ಅಂದ್ರಿ" ಅಂದರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಧಾರೆ ಯಾರು ಎರೀತಾರೆ ಅಂತ ಕೇಳಿದರು. ಅವರೇ ಅಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಒಪ್ಪಿದರೋ ಬಿಟ್ಟರೋ ತಿಳಿಯದೆ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಚಪ್ಪರಕ್ಕೆ ಗರಿ ಸಾಲದಿದ್ದರೆ ಕಳಿಸುತ್ತೇವೆ ಅಂತ ಅವರ ಕಡೆಯಿಂದ ಆಳು ಬಂದ.

ಮುಹೂರ್ತ ಬೆಳಿಗ್ಗೆ. ನಮ್ಮ ಮನೆಯ ಮುಂದೆಯೇ ಚಪ್ಪರ. ಅಣ್ಣ ಒಂದು ಪಕ್ಕ ಹಿಡಿದು ಅವರನ್ನು ನಿಲ್ಲಿಸಿದ. ರತ್ನಳ ಕೈ, ಹುಡುಗನ ಕೈ, ಮೇಲೆ ಕಾಯಿ. ಪುರೋಹಿತರು ಮಂತ್ರ ಹೇಳಿ ನಮ್ಮ ಕಡೆ ನೋಡಿದರು. ನಾನು ಬೆರಳು ಸುತ್ತಿ ಚೊಂಬು ಹಿಡಿಸಿದೆ, ಅಡಿಗೆ ನನ್ನ ಕೈ ಕೊಟ್ಟೆ. ಎತ್ತಿದರು. ಚೊಂಬು ಪಕ್ಕಕ್ಕೆ ವಾಲಿ ನೀರು ನೆಲಕ್ಕೆ ಬಿತ್ತು.

ವಾಲಗದವರು ಬಾಯಿಗೆತ್ತಿದ ವಾಲಗ ಇಳಿಸಿದರು.

ಅವರ ಕೈ ಒತ್ತಿ ಹಿಡಿದು ನಾನೇ ಬಗ್ಗಿಸಿಬಿಟ್ಟರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವರಿಗೆ ತಿಳಿಯುತ್ತಿತ್ತು. ಅವರ ಕೆಲಸ ನೀವು ಮಾಡಬೇಡಿ ಅಂದಿದ್ದರು ಡಾಕ್ಟರು. ನನ್ನ ಕೈ ಸಡಿಲಿಸಿದೆ, ಚೊಂಬಿಗೆ ತಾಗಿಸಿಕೊಂಡು ಮಾತ್ರ ಇಟ್ಟೆ. ಅವರು ನಾಲಿಗೆಯ ತುದಿ ಕಚ್ಚಿಕೊಂಡು ಮತ್ತೆ ಎತ್ತಿದರು. ನೀರು ಕಾಯಿಯ ಮೇಲೆ ಬಿತ್ತು. ಹುಡುಗ ಹುಡುಗಿಯ ಮುಂಗೈ ನೆನೆಯಿತು, ಹುಡುಗನ ಹೊಸ ಪಂಚೆಯೂ ನೆನೆಯಿತು. ರತ್ನ ಅಳುತ್ತಿದ್ದಳು. ನನ್ನಣ್ಣ ಬೇರೆ ಕಡೆ ನೋಡಿಕೊಂಡು ಕಣ್ಣೊರೆಸಿಕೊಂಡ. ಬೀಗರು ಮಾತ್ರ ಏನೂ ಆಗದವರಂತೆ, "ಬಿತ್ತಲ್ಲ. ಊದ್ರಪ್ಪ ವಾಲಗ" ಅಂದರು.

ಈಗ ಯಜಮಾನರು ಕೋಲು ಹಿಡಿದು ಜಗಲಿವರೆಗೆ ಬರುತ್ತಾರೆ. ಬಲಗೈ ಎದೆಯವರೆಗೆ ಏಳುತ್ತದೆ, ಮೇಲಕ್ಕೆ ಇಲ್ಲ. ಮಾತು ಹತ್ತು ಹನ್ನೆರಡು ಬಂದಿವೆ, ಉಳಿದದ್ದಕ್ಕೆಲ್ಲ ಅದೇ. ಇಷ್ಟಾದರೂ ಸಿಕ್ಕಿತಲ್ಲ ಅಂತ ಆ ಡಾಕ್ಟರನ್ನೂ ದೇವರನ್ನೂ ನೆನೆಯುತ್ತೇನೆ. ಬಾಗಿಲು ತೆರೆದೇ ಬಡಿಸುತ್ತೇನೆ. ತಪ್ಪಾಯಿತು ಅಂತ ಮಾತ್ರ ಇನ್ನೂ ಹೇಳಿಲ್ಲ.

ಮೊನ್ನೆ ಹೊಲದಿಂದ ಬಂದಾಗ ಮಂಚದ ಕೆಳಗೆ ಮತ್ತೆ ನೆಲ ಒದ್ದೆಯಾಗಿತ್ತು. ಈ ಸಲ ವಾಸನೆ ಇತ್ತು. ಬೆಳಿಗ್ಗೆಯಿಂದ ಅವರ ಮೈ ಬಿಸಿಯಿತ್ತು, ತಡೆದುಕೊಳ್ಳಲು ಆಗಿಲ್ಲ. ಅವರು ನನ್ನನ್ನು ನೋಡಿ ತಲೆ ತಗ್ಗಿಸಿದರು.

"ನೀರು ಚೆಲ್ತಾ? ಚೆಲ್ಲಲಿ ಬಿಡಿ" ಅಂದೆ.

ಬಟ್ಟೆ ತಂದು ಒರೆಸಿದೆ.