ಕಾಲೇಜಿನ ಕೋಚು, ಕಂಪನಿಯ ತಂಡ

ನನಗೊಂದು ಚಾಳಿಯಿದೆ. ಹತ್ತು ಹನ್ನೊಂದು ಜನ ಒಂದು ಕಡೆ ನಿಂತಿದ್ದು ಕಂಡರೆ ಸಾಕು, ಹಾಜರಿ ಕೂಗಬೇಕೆನ್ನಿಸುತ್ತದೆ. ಅದು ಬಸ್ ಸ್ಟಾಪಾಗಲಿ, ಮದುವೆ ಮನೆಯಲ್ಲಿ ಕೈತೊಳೆಯುವ ಜಾಗವಾಗಲಿ, ಮನಸ್ಸಿನಲ್ಲೇ ತಲೆ ಎಣಿಸಿ ಯಾರು ತಡವಾಗಿ ಬಂದರೆಂದು ಗುರುತು ಹಾಕಿಕೊಳ್ಳುತ್ತೇನೆ. ಬೆಳಗಾವಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಹುಡುಗರಿಗೆ ಫುಟ್‌ಬಾಲ್ ಕಲಿಸಿದ್ದರ ಫಲ ಇದು. ಆ ಕಾಲೇಜಿಗೆ ಸರಕಾರದ ಅನುದಾನ ಪ್ರತಿ ವರ್ಷವೂ ಮುಂದಿನ ವರ್ಷ ಬರುತ್ತಿತ್ತು. ಹತ್ತನೆಯ ವರ್ಷ ಅದು ಬರುವ ಮೊದಲು ನಾನೇ ದೋಹಾಕ್ಕೆ ಬಂದುಬಿಟ್ಟೆ, ಒಂದು ಕಟ್ಟಡ ಕಂಪನಿಯ ಸ್ಟೋರ್‌ಕೀಪರ್ ಆಗಿ. ತೊಂಬತ್ತರ ದಶಕದ ನಡುವಿನ ಮಾತು.

ಬಿನ್ ಮಹಮೂದ್ ಬಡಾವಣೆಯ ಒಂದು ಕೋಣೆಯಲ್ಲಿ ನಾವು ನಾಲ್ಕು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಪಾಳಿ. ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುತ್ತಿದ್ದರು. ವರ್ಷಗಟ್ಟಲೆ ಜೊತೆಗಿದ್ದರೂ ನಾವು ಒಬ್ಬರನ್ನೊಬ್ಬರು ನೋಡಿದ್ದು ಹೆಚ್ಚಾಗಿ ಮುಸುಕು ಹೊದ್ದಿದ್ದಾಗಲೇ. ವಾರದ ಆರು ದಿನ ಸ್ಟೋರಿನಲ್ಲಿ ಬೋಲ್ಟು, ನಟ್ಟು, ಹೆಲ್ಮೆಟ್ಟು ಎಣಿಸುತ್ತ ಹೇಗೋ ಕಳೆಯುತ್ತಿತ್ತು. ರಜೆಯ ಶುಕ್ರವಾರ ಬಂತೆಂದರೆ ನನಗೆ ಭಯ. ಬಟ್ಟೆ ಒಗೆದು, ಊಟ ಮಾಡಿ, ಹೆಂಡತಿಯ ಹಳೆಯ ಕಾಗದವನ್ನು ಮತ್ತೊಮ್ಮೆ ಓದಿ ಮುಗಿಸಿದರೂ ಗಡಿಯಾರ ಮಧ್ಯಾಹ್ನ ಎರಡನ್ನು ದಾಟುತ್ತಿರಲಿಲ್ಲ. ಒಂಟಿತನ ಎಂಬುದಕ್ಕೆ ಅಲ್ಲಿ ನಿಶ್ಚಿತವಾದ ವಾರವೂ ಇತ್ತು, ವೇಳೆಯೂ ಇತ್ತು.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಒಂದು ಅಮೆರಿಕನ್ ಪ್ರಶ್ನೆ. ಅದನ್ನು ನನ್ನ ತಲೆಗೆ ಹಚ್ಚಿದವನು ವಾಲ್ಟರ್, ನಮ್ಮ ಸೈಟಿನ ಇನ್‌ಸ್ಪೆಕ್ಟರ್. ಹೆಂಡತಿ ಬಿಟ್ಟುಹೋದ ಐವತ್ತರ ಮನುಷ್ಯ. ಅವನ ತಮ್ಮ ಅಮೆರಿಕದಿಂದ ಆಟದ ವಿಡಿಯೊ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ. ಅವು ತಲುಪುವಷ್ಟರಲ್ಲಿ ಯಾರು ಗೆದ್ದರೆಂದು ವಾಲ್ಟರ್‌ಗೆ ಗೊತ್ತಾಗಿರುತ್ತಿತ್ತು. ಆದರೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ನೋಡುವವನಂತೆ ಕೂಗಾಡುತ್ತಿದ್ದ. ಅವರ ಫುಟ್‌ಬಾಲ್ ಬೇರೆ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವುದು. ಅದರ ನಿಯಮ ನನಗೆ ಕೊನೆಗೂ ತಿಳಿಯಲಿಲ್ಲ, ವಾಲ್ಟರನ ಜಗಳ ಮಾತ್ರ ತಿಳಿಯಿತು. ಕಾಲೇಜು ತಂಡಗಳಲ್ಲಿ ಕಪ್ಪಿನ ಮೇಲೆ ಕಪ್ಪು ಗೆದ್ದ ಕೋಚು, ದುಡ್ಡಿಗಾಗಿ ಆಡುವವರ ತಂಡಕ್ಕೆ ಮುಖ್ಯ ಕೋಚಾಗಿ ಹೋದರೆ ಉಳಿಯುತ್ತಾನೆಯೇ? ಸಾಧ್ಯವೇ ಇಲ್ಲ ಎಂಬುದು ಅವನ ವಾದ. ಹುಡುಗರನ್ನು ಗದರಿಸಿ ಅಭ್ಯಾಸವಾದವನು ಗಂಡಸರ ಎದುರು ನಿಂತರೆ ಎರಡು ವರ್ಷದಲ್ಲಿ ಗಂಟುಮೂಟೆ ಕಟ್ಟುತ್ತಾನಂತೆ.

ಇದರಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ನಮ್ಮ ಕಡೆಯ ಗರಡಿಮನೆಗಳನ್ನು ನೋಡಿ. ಹುಡುಗ ಎಷ್ಟು ಹಾಲು ಕುಡಿಯಬೇಕು, ಎಷ್ಟಕ್ಕೆ ಮಲಗಬೇಕು ಎಂಬುದನ್ನೆಲ್ಲ ಉಸ್ತಾದನೇ ಗೊತ್ತುಮಾಡುತ್ತಾನೆ. ಅದೇ ಹುಡುಗ ದೊಡ್ಡ ಪೈಲ್ವಾನನಾಗಿ, ಮದುವೆಯಾದ ಮೇಲೆ ಉಸ್ತಾದ್ ಬೈಯುವುದನ್ನು ನಿಲ್ಲಿಸಿ ಸಲಹೆ ಕೊಡತೊಡಗುತ್ತಾನೆ. ಎಷ್ಟಕ್ಕೆ ಮಲಗಿದೆ ಎಂದು ಕೇಳುವುದನ್ನಂತೂ ಪೂರ್ತಿ ಬಿಡುತ್ತಾನೆ. ಈ ಬದಲಾವಣೆ ಯಾವ ದಿನ ಆಗಬೇಕೆಂದು ಯಾರೂ ಬರೆದಿಟ್ಟಿಲ್ಲ. ಒಳ್ಳೆಯ ಉಸ್ತಾದನಿಗೆ ತಾನಾಗಿ ತಿಳಿಯುತ್ತದೆ. ನಾನು ಅಷ್ಟು ಒಳ್ಳೆಯ ಉಸ್ತಾದನಾಗಿರಲಿಲ್ಲ ಎಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ನಮ್ಮ ಜನರಲ್ ಮ್ಯಾನೇಜರ್ ಈಜಿಪ್ಟಿನವರು, ಫುಟ್‌ಬಾಲ್ ಹುಚ್ಚಿನವರು. ಕಂಪನಿ ಕಂಪನಿಗಳ ನಡುವಿನ ಪಂದ್ಯಾವಳಿಗೆ ನಮ್ಮದೂ ಒಂದು ತಂಡ ಕಟ್ಟಿದರು. ಪಂದ್ಯದ ದಿನ ಆಟಗಾರರಿಗೆ ಓವರ್‌ಟೈಮ್ ಕೊಡುತ್ತಿದ್ದರು. ಅಂದಮೇಲೆ ವೃತ್ತಿಪರರೇ ಆದರಲ್ಲ! ನನ್ನ ಅರ್ಜಿಯಲ್ಲಿ 'ಕಾಲೇಜು ಕೋಚ್' ಎಂದಿದ್ದದ್ದು ಅವರ ಕಣ್ಣಿಗೆ ಬಿತ್ತು. ಕರೆಸಿ ಹೇಳಿದರು: ಕಪ್ ಗೆದ್ದರೆ ನಿನ್ನನ್ನು ಸ್ಟೋರಿನಿಂದ ತೆಗೆದು ಸ್ಪೋರ್ಟ್ಸ್ ಆಫೀಸರ್ ಮಾಡುತ್ತೇನೆ. ಆ ಹುದ್ದೆಗೆ ಫ್ಯಾಮಿಲಿ ವೀಸಾ ಇತ್ತು. ಕೊಲ್ಲಿಯಲ್ಲಿ ಇದ್ದವರಿಗೆ ಆ ಎರಡು ಶಬ್ದಗಳ ತೂಕ ನಾನು ಹೇಳಬೇಕಾಗಿಲ್ಲ. ನನ್ನ ಹೆಂಡತಿ ಶಾರದಾ, ನಾಲ್ಕು ವರ್ಷದ ಮಗಳು, ಒಂದು ಅಡುಗೆಮನೆ, ಶುಕ್ರವಾರ ಮಧ್ಯಾಹ್ನ ಮೂರು ತಾಟು. ಹುಚ್ಚನಂತೆ ತಂಡದ ಮೇಲೆ ಬಿದ್ದೆ.

ತಂಡದ ಗೋಲ್‌ಕೀಪರ್ ಹಮೀದ್ ಭಾಯ್. ಉಳ್ಳಾಲದವರು, ಸೈಟಿನಲ್ಲಿ ಕ್ರೇನ್ ನಡೆಸುತ್ತಿದ್ದರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಅಷ್ಟೆತ್ತರದಿಂದ ಕೆಳಗೆ ನೋಡಿ ರೂಢಿಯಾಗಿದ್ದಕ್ಕೋ ಏನೋ, ಚೆಂಡು ಎಲ್ಲಿ ಬೀಳುತ್ತದೆಂದು ಎಲ್ಲರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಅವರಲ್ಲಿ ದೋಷ ಒಂದೇ. ಶುಕ್ರವಾರ ನಾಲ್ಕಕ್ಕೆ ಅಭ್ಯಾಸವೆಂದರೆ ಐದರ ಹತ್ತಿರ ಬರುತ್ತಿದ್ದರು. ಸೆಮಿಫೈನಲ್ಲಿಗೆ ಒಂದು ವಾರವಿದ್ದಾಗಲೂ ಹಾಗೆಯೇ ಬಂದರು. ನಾನು ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. (ಹೌದು, ಹಾಜರಿ ಪುಸ್ತಕ. ಸ್ಟೋರಿನ ರಿಜಿಸ್ಟರಿಗೆ ನಾನೇ ಗೆರೆ ಹೊಡೆದು ಮಾಡಿಕೊಂಡದ್ದು.) ಸಿಟ್ಟು ನೆತ್ತಿಗೇರಿತು. ಒಂಬತ್ತು ವರ್ಷ ಪ್ರತಿ ವಾರ ಕೂಗಿದ ಮಾತು ತಾನಾಗಿ ಬಾಯಿಂದ ಹೊರಬಿತ್ತು.

"ಮುಂದಿನ ವಾರ ನಿಮ್ಮಪ್ಪನ್ನ ಕರಕೊಂಡು ಬಾ! ಅಲ್ಲೀತನಕಾ ಗೋಲಿನಾಗ ನಿಂದರಬ್ಯಾಡ!"

ನಲವತ್ತು ದಾಟಿದ ಮನುಷ್ಯ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಅಪ್ಪ ಎಂಬವ ನಾನೇ ಅಲ್ವಾ ಮಾಸ್ಟ್ರೇ? ಅದಕ್ಕೇ ತಡ ಆದದ್ದು. ಊರಲ್ಲಿ ಮಗಳು ಅಂಗಡಿಯ ಫೋನಿನ ಹತ್ತಿರ ಬಂದು ನಿಲ್ತಾಳೆ. ಅಲ್ಲಿಗೆ ಆರೂವರೆ ಆದ್ರೆ ನಮಗಿಲ್ಲಿ ನಾಲ್ಕು. ಏಳಕ್ಕೆ ಅಂಗಡಿ ಬಂದ್. ಇಲ್ಲಿ ಬೂತಿನ ಎದುರು ಅಷ್ಟುದ್ದ ಕ್ಯೂ ಉಂಟು. ನಾನೆಂತ ಮಾಡುವುದು, ನೀವೇ ಹೇಳಿ."

ನಾನು ಏನು ಹೇಳಬೇಕಿತ್ತೆಂದು ನಿಮಗೆ ಗೊತ್ತು. ಆಗ ನನಗೂ ಗೊತ್ತಿತ್ತು. ಆದರೆ ಹದಿನಾಲ್ಕು ಜನರ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಕಾಲೇಜಿನ ಮೇಷ್ಟರಿಗೆ ಇರುವುದಿಲ್ಲ. ನಿಯಮ ಅಂದರೆ ನಿಯಮ ಎಂದೆ. ಸೆಮಿಫೈನಲ್ಲಿನಲ್ಲಿ ಅವರನ್ನು ಹೊರಗೆ ಕೂರಿಸಿದೆ. ಚೆಂಡು ಮೂರು ಸಲ ನಮ್ಮ ಕಂಬಕ್ಕೆ ಬಡಿದು ಹೊರಹೋಯಿತು, ನಾವು ಒಂದು ಗೋಲಿನಿಂದ ಗೆದ್ದೆವು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ವಾಲ್ಟರ್ ಕೂಡ, ನಿನ್ನ ವಿಷಯದಲ್ಲಿ ನನ್ನ ವಾದ ತಪ್ಪಾಗಬಹುದು ಎಂದ. ಆ ದಿನ ಶಾರದಾಳಿಗೆ ಕಾಗದ ಬರೆದು, ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಡು ಎಂದೆ.

ಮರುವಾರ ಹಮೀದ್ ಭಾಯ್ ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬಂದು ಗೋಲಿನಲ್ಲಿ ನಿಂತಿದ್ದರು. ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಅಭ್ಯಾಸ ಮುಗಿದ ಮೇಲೆ ನಾನೇ ಹತ್ತಿರ ಹೋಗಿ, ಫೋನ್ ಮಾಡಿದ್ರ್ಯಾ ಎಂದು ಕೇಳಿದೆ.

"ಇಲ್ಲ ಮಾಸ್ಟ್ರೇ. ಫೈನಲ್ ಮುಗಿಯಲಿ. ಅವಳು ಸ್ವಲ್ಪ ಹೊತ್ತು ನಿಂತು ಮನೆಗೆ ಹೋಗಿರ್ತಾಳೆ."

ಅವರ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೋಣೆಗೆ ಬಂದು ಗೋಡೆ ನೋಡುತ್ತ ಕೂತೆ. ಗಂಡಸರಿಂದ ನಾಲ್ಕಕ್ಕೆ ಸರಿಯಾಗಿ ಹಾಜರಿ ಹಾಕಿಸಿಕೊಂಡಿದ್ದೆ, ವೃತ್ತಿಪರ ಕೋಚ್ ಆಗಿದ್ದೆ, ಮತ್ತು ನನ್ನ ಬಗ್ಗೆ ನನಗೇ ಅಸಹ್ಯವಾಗಿತ್ತು. ನನ್ನ ಮಗಳನ್ನು ಕರೆಸಿಕೊಳ್ಳುವುದಕ್ಕಾಗಿ ಇನ್ನೊಬ್ಬರ ಮಗಳನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದೆ.

ಫೈನಲ್ಲಿಗೆ ಉಳಿದಿದ್ದು ಎರಡು ಶುಕ್ರವಾರ. ಅಭ್ಯಾಸವನ್ನು ಐದಕ್ಕೆ ಹಾಕಿದೆ. ಬೇಗ ಶುರುಮಾಡೋಣವೆಂದರೆ ಕ್ಯಾಂಪಿನಿಂದ ಕಂಪನಿಯ ಬಸ್ಸು ಹೊರಡುತ್ತಿದ್ದದ್ದೇ ಮೂರೂವರೆಗೆ. ಮೈದಾನಕ್ಕೆ ದೀಪವಿರಲಿಲ್ಲ, ಫೆಬ್ರವರಿ ತಿಂಗಳು, ಐದೂವರೆ ಐದೂಮುಕ್ಕಾಲಿಗೆ ಕತ್ತಲೆ. ಬಸ್ಸು ಮೊದಲು ಫೋನ್ ಬೂತುಗಳ ಹತ್ತಿರ ನಿಲ್ಲುತ್ತಿತ್ತು. ನೋಡಿದರೆ ಹಮೀದ್ ಭಾಯ್ ಒಬ್ಬರೇ ಅಲ್ಲ, ಅರ್ಧ ತಂಡವೇ ಕ್ಯೂನಲ್ಲಿ! ಅವರೆಲ್ಲ ನನ್ನ ಹೆದರಿಕೆಗೆ ಇಷ್ಟು ದಿನ ಬಾಯಿಮುಚ್ಚಿಕೊಂಡಿದ್ದರು. ಮೈದಾನಕ್ಕೆ ಬರುವಾಗ ಅವರ ಮುಖ ಅರಳಿರುತ್ತಿತ್ತು, ಆದರೆ ನಮಗೆ ಸಿಕ್ಕ ಅರ್ಧ ಗಂಟೆಯಲ್ಲಿ ಕಾರ್ನರ್ ಕಿಕ್ ತಡೆಯುವ ಅಭ್ಯಾಸ ಆಗಲೇ ಇಲ್ಲ.

ಫೈನಲ್ಲಿನಲ್ಲಿ ಸೋತದ್ದು ಕಾರ್ನರ್ ಕಿಕ್ಕಿನಿಂದಲೇ. ಹಮೀದ್ ಭಾಯ್ ಹುಲಿಯ ಹಾಗೆ ಆಡಿದರು. ಅವರ ಮುಂದೆ ನಿಲ್ಲಬೇಕಾದವರು ಎಲ್ಲೆಲ್ಲೋ ನಿಂತಿದ್ದರು. ಮ್ಯಾನೇಜರ್ ನನ್ನ ಕಡೆ ನೋಡದೆ, "ಖಲಾಸ್, ಮಾಸ್ಟರ್. ನಾಳೆಯಿಂದ ಸ್ಟೋರು," ಎಂದು ಕಾರು ಹತ್ತಿದರು. ನೀನು ಸೋತದ್ದು ಇವತ್ತಲ್ಲ, ವೇಳೆ ಬದಲಿಸಿದ ದಿನವೇ ಎಂದ ವಾಲ್ಟರ್. ಅವನ ಮಾತು ನಿಜ.

ಅಲ್ಲಿಂದ ಸೀದಾ ಫೋನ್ ಬೂತಿಗೆ ನಡೆದೆ. ಊರಿನಲ್ಲಿ ನಮ್ಮ ಪಕ್ಕದ ಮನೆಯವರ ಫೋನು. ಅವರು ಕರೆದು, ಶಾರದಾ ಓಡಿ ಬರುವಷ್ಟರಲ್ಲಿ ನನ್ನ ಫೋನ್ ಕಾರ್ಡು ಅರ್ಧ ಖಾಲಿ. ವೀಸಾ ಆಗಲಿಲ್ಲ ಎಂಬುದನ್ನು ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ನನ್ನ ದನಿ ಕೇಳಿದ್ದೇ ಅವಳಿಗೆ ತಿಳಿಯಿತು.

"ಸೋತ್ರಿ ಹೌದಲ್ರೀ?"

"ಹೂಂ."

ಇನ್ನು ಅಳುತ್ತಾಳೆ ಎಂದುಕೊಂಡೆ.

"ಹುಡುಗರಿಗೆ ಏನರ ತಿನ್ನಾಕ ಕೊಟ್ರೋ, ಇಲ್ಲೋ?"

ಬೆಳಗಾವಿಯಲ್ಲಿ ನಮ್ಮ ತಂಡ ಗೆದ್ದ ದಿನ ಮನೆಯಲ್ಲಿ ಬರೀ ಚಹಾ ಆಗುತ್ತಿತ್ತು. ಗೆದ್ದವರಿಗೆ ಊರೇ ತಿನ್ನಿಸುತ್ತದೆ ಎನ್ನುತ್ತಿದ್ದಳು. ಸೋತ ದಿನ ಮಾತ್ರ ದೊಡ್ಡ ಪಾತೇಲಿ ತುಂಬ ರವೆಯ ಶಿರಾ. ನಾನು ಮೈದಾನದಲ್ಲಿ ಬೈದು ಕಳಿಸಿದ ಹುಡುಗರು ಅಡುಗೆಮನೆಯ ಬಾಗಿಲಲ್ಲಿ ಕೂತು ತಿಂದು, ಮರುದಿನ ಬೆಳಿಗ್ಗೆ ಐದೂವರೆಗೆ ಮತ್ತೆ ಮೈದಾನಕ್ಕೆ ಬರುತ್ತಿದ್ದರು. ಬರುವುದು ನನ್ನ ಹಾಜರಿ ಪುಸ್ತಕಕ್ಕೆ ಹೆದರಿ ಎಂದು ಒಂಬತ್ತು ವರ್ಷ ನಂಬಿದ್ದೆ. ಕತಾರಿಗೆ ಬಂದದ್ದು ಅರ್ಧ ಕೋಚು. ಉಳಿದರ್ಧವನ್ನು ಕರೆಸಿಕೊಳ್ಳಲು ಕಪ್ ಗೆಲ್ಲಬೇಕಿತ್ತು, ಕಪ್ ಗೆಲ್ಲಲು ಉಳಿದರ್ಧ ಬೇಕಿತ್ತು.

"ಇಲ್ಲ," ಎಂದೆ. ಆ ಹದಿನಾಲ್ಕು ಜನ ಖಾಲಿ ಹೊಟ್ಟೆಯಲ್ಲಿ ಬಸ್ಸಿನಲ್ಲಿ ಕೂತು ಕ್ಯಾಂಪಿಗೆ ಹೋಗಿದ್ದರು. ನಾನು ಅವರಿಗೆ ಕೈ ಕೂಡ ಬೀಸಿರಲಿಲ್ಲ.

"ಅಯ್ಯ, ಮತ್ತ ಅಲ್ಲೇನ್ ಮಾತಾಡ್ಕೋತ ನಿಂತೀರಿ? ಹೋಗ್ರಿ ಮೊದ್ಲ," ಎಂದು ಶಾರದಾ ಫೋನ್ ಇಟ್ಟುಬಿಟ್ಟಳು. ಕಾರ್ಡಿನಲ್ಲಿ ಇನ್ನೂ ನಾಲ್ಕು ನಿಮಿಷದ ಮಾತು ಉಳಿದಿತ್ತು.