ಆ ಸಾಲಿನ ಮುಂದಿದ್ದ ಹೆಸರು

ತೀರಿಕೊಂಡು ಮೂರು ತಿಂಗಳಾದವನೊಬ್ಬನ ಮೇಲೆ ಮೊನ್ನೆ ನಮ್ಮ ಆಫೀಸಿನಲ್ಲಿ ಒಂದು ತಪ್ಪು ಹೊರಿಸಿದರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಅವನು ಮಹದೇವ. ನನ್ನಂತೆಯೇ ಸಾಫ್ಟ್‌ವೇರ್ ಎಂಜಿನಿಯರ್. ಎಂಟು ವರ್ಷ ನಾವಿಬ್ಬರೂ ನಂಜನಗೂಡಿನಿಂದ ಮೈಸೂರಿಗೆ ಒಂದೇ ರೈಲಿನಲ್ಲಿ ಅಕ್ಕಪಕ್ಕ ಕೂತು ಹೋಗಿ ಬಂದವರು. (ಅವನ ಜೋಕುಗಳನ್ನು ಕದ್ದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನೀವು ನಕ್ಕಿದ್ದೀರಿ.) ಸ್ಟ್ರೋಕ್ ಆಯಿತು, ನಲವತ್ತೊಂದಕ್ಕೇ ಹೋದ. ಈಗಲೂ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿಯುತ್ತೇನೆ. “ಯಾರಾದ್ರೂ ಬತ್ತಾರಾ ಸಾ?” ಎಂದು ಯಾರೋ ಕೇಳಿದಾಗ ತೆಗೆಯುತ್ತೇನೆ.

ಇನ್ನು ಆ ತಪ್ಪು. ಆಸ್ಪತ್ರೆಗಳಲ್ಲಿ ಟೋಕನ್ ಕೊಡುವ ಸಾಫ್ಟ್‌ವೇರ್ ನಮ್ಮದು. ಒಂದು ಕಡೆ ಇನ್ನೂರು ದಾಟಿದ ಮೇಲೆ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಒಂದೇ ನಂಬರ್ ಹಿಡಿದ ಇಬ್ಬರು ಅಜ್ಜಿಯರು ಡಾಕ್ಟರ ಬಾಗಿಲಲ್ಲಿ ಜಗಳಕ್ಕೆ ನಿಂತರು. ದಿನಕ್ಕೆ ಇನ್ನೂರಕ್ಕಿಂತ ಹೆಚ್ಚು ಜನ ಬರುವುದಿಲ್ಲ ಎಂದು ಕೋಡ್ ಬರೆದವನು ಅಂದುಕೊಂಡಿದ್ದ. (ಆಸ್ಪತ್ರೆಯಲ್ಲಿ ಕಾದು ಕೂತವನಿಗೆ ಹಾಗನ್ನಿಸುವುದಿಲ್ಲ.)

ಮೀಟಿಂಗ್ ಕರೆದರು. ಕೋಡಿನ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಒಂದು ಕಮಾಂಡ್ ಇದೆ. ಹೊಡೆದರು. ಮಹದೇವನ ಹೆಸರು ಬಂತು. ಅವನು ಹೋಗುವ ನಾಲ್ಕು ದಿನ ಮೊದಲಿನ ತಾರೀಖು.

“ಪಾಪ, ಹೋದವರ ಬಗ್ಗೆ ಏನು ಮಾತಾಡೋದು. ಸರಿ ಮಾಡಿ, ಕ್ಲೋಸ್ ಮಾಡಿ,” ಎಂದರು ಮ್ಯಾನೇಜರ್. ಎಲ್ಲರಿಗೂ ಹಗುರವಾಯಿತು. ನಮ್ಮ ಕಸುಬಿನ ರೂಢಿಯೇ ಇದು. ತಪ್ಪು ಸಿಕ್ಕರೆ ಮೊದಲು ಬಿಟ್ಟು ಹೋದವರ ಹೆಸರು ಹುಡುಕುತ್ತೇವೆ. ಅವರು ವಾದಕ್ಕೆ ಬರುವುದಿಲ್ಲವಲ್ಲ?

ಆದರೆ ಆ ಸಾಲು ಬರೆದವನು ನಾನು. ರೈಲಿನಲ್ಲಿ, ಮಹದೇವನ ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪ್ ಯಾರದೋ ಅವರ ಹೆಸರೇ ದಾಖಲಾಗುತ್ತದೆ.

ಯಾಕೆ ಹೇಳಲಿಲ್ಲ? ಸಂಬಳ ಏರಿಸುವ ಅಪ್ರೈಸಲ್ ಹತ್ತಿರವಿತ್ತು. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಚೆನ್ನಾಗಿತ್ತು.

ಭಾನುವಾರ ಅವನ ಮೇಜಿನ ಸಾಮಾನು ಕೊಟ್ಟು ಬರಲು ಟಿ. ನರಸೀಪುರಕ್ಕೆ ಹೋದೆ. ಒಂದು ಸ್ಟೀಲ್ ಲೋಟ, ಒಂದು ಸ್ವೆಟರ್, ಒಂದು ಜೊತೆ ಚಪ್ಪಲಿ. ಅವನ ಹೆಂಡತಿ ಸುಮಾ ಈಗ ಅಲ್ಲಿ ತವರಿನಲ್ಲಿದ್ದಾರೆ. ಅವರ ಅಪ್ಪ ಕುರ್ಚಿ ಎಳೆದರು. “ಕೂತ್ಕಳಿ ಸಾ, ಕಾಪಿ ಕುಡೀರಿ. ನೀವ್ ಬಂದ್ರೆ ನಮ್ಮಳಿಯಂದ್ರೇ ಬಂದಂಗಾಯ್ತದೆ.”

ಸುಮಾ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು. “ಅಣ್ಣ, ನಿಮ್ಮಾಫೀಸಿನವರೊಬ್ರು ಫೋನ್ ಮಾಡಿದ್ರು. ಇವ್ರು ಹೋಗೋಕೆ ನಾಕು ದಿನ ಮುಂಚೆ ಮಾಡಿದ ಕೆಲಸ ತಪ್ಪಾಗಿತ್ತಂತೆ. ಆಗ್ಲೇ ಹುಷಾರಿರ್ಲಿಲ್ವೇನೋ ಅಂದ್ರು. ಹೌದಾ?”

ನಾನು ಕಾಫಿ ಕುಡಿದೆ.

“ಮನೇಲಿ ಸರಿಯಾಗೇ ಇದ್ರು. ಅಲ್ಲಿ ತಪ್ಪು ಮಾಡೋ ಹಾಗಿದ್ರೆ ನಂಗ್ಯಾಕೆ ಗೊತ್ತಾಗ್ಲಿಲ್ಲ? ನಾಕು ದಿನ ಇತ್ತಲ್ಲಣ್ಣ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೋದಿತ್ತು.”

“ಬುಡವ್ವ, ಅದ್ನೇ ಎಷ್ಟ್ ದಿನ ಯೋಳ್ಕಂಡ್ ಕೂತಿರ್ತೀಯೆ,” ಎಂದ ಅಪ್ಪ ನನ್ನ ಕಡೆ ತಿರುಗಿದರು. “ಆ ಫೋನ್ ಬಂದಾಗಿಂದ ಸರ್ಯಾಗ್ ಉಣ್ಣಕಿಲ್ಲ ಸಾ ಇವ್ಳು.”

ಹೇಳಿಬಿಟ್ಟೆ. ಬರೆದವನು ನಾನು, ತಪ್ಪು ನನ್ನದು, ಮೀಟಿಂಗಿನಲ್ಲಿ ಸುಮ್ಮನಿದ್ದವನೂ ನಾನೇ ಎಂದು.

ಸುಮಾ ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. “ಅವ್ರ ಲ್ಯಾಪ್‌ಟಾಪಲ್ಲಿ ನೀವ್ಯಾಕೆ ಬರೆದ್ರಿ?” ಎಂದಷ್ಟೇ ಕೇಳಿದರು.

“ನಂದು ಚಾರ್ಜ್ ಮುಗಿದಿತ್ತು,” ಎಂದೆ.

ಅವರ ಮುಖ ಸಡಿಲವಾಯಿತು. ಅವತ್ತು ನಮ್ಮ ಜೊತೆ ಊಟಕ್ಕೆ ಕೂತರು, ಎರಡನೇ ಸಲ ಸಾರು ಬಡಿಸಿಕೊಂಡರು.

ಸೋಮವಾರ ಆಫೀಸಿನಲ್ಲಿ ಆ ತಪ್ಪಿನ ರಿಪೋರ್ಟ್ ಮತ್ತೆ ತೆರೆಸಿ ನನ್ನ ಹೆಸರು ಹಾಕಿಸಿದೆ. “ಈಗ್ಯಾಕ್ರೀ ಬೇಕಿತ್ತು ಇದು?” ಎಂದರು ಮ್ಯಾನೇಜರ್. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ.

ಯಾಕೆಂದರೆ ಅವತ್ತು ರೈಲು ಕಡಕೊಳ ದಾಟುವಾಗ ಮಹದೇವನೇ ಲ್ಯಾಪ್‌ಟಾಪನ್ನು ನನ್ನ ತೊಡೆಗೆ ತಳ್ಳಿದ್ದ. “ತಲೆ ಯಾಕೋ ಹಿಡ್ಕೊಂಡಂಗದೆ. ಅಕ್ಷರ ಎರಡೆರಡು ಕಾಣ್ತವೆ. ನೀನೇ ಹೊಡಿ ಕಣೋ.”

“ವಯಸ್ಸಾಯ್ತು, ಕನ್ನಡಕ ಹಾಕಿಸ್ಕೋ ಹೋಗ್ಲಾ,” ಎಂದೆ. ಅವನು ನಕ್ಕ. ನಾನು ಟೈಪ್ ಮಾಡಿದೆ.

ಸುಮಾ ಈ ಅಂಕಣ ಓದುತ್ತಾರೆ. ಎದುರು ಕೂತು ಹೇಳಲಾಗದ್ದನ್ನು ಪತ್ರಿಕೆಯಲ್ಲಿ ಹೇಳುವುದು ಹೇಡಿತನ, ಗೊತ್ತು. ಆದರೆ ಆ ನಾಲ್ಕು ದಿನಗಳ ಲೆಕ್ಕವನ್ನು ಅವರು ಇನ್ನು ಹೊರಬಾರದು. ಗೊತ್ತಾಗಬೇಕಿದ್ದದ್ದು ಅವರಿಗಲ್ಲ, ನನಗೆ.

ಸುಮಾ, ಅವತ್ತು ನನ್ನ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು.